ಈಶ್ವರನಿಗೆ ರಜೆಯಿದ್ದ ಸೋಮವಾರ

ಡೀಸೆಲ್ ಹೊಗೆಯೂ ಉಪ್ಪುನೀರಿನಲ್ಲಿ ನೆನೆದ ಹಗ್ಗವೂ ಸೇರಿದರೆ ಒಂದು ವಾಸನೆ ಹುಟ್ಟುತ್ತದೆ. ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಅರಿಯದವರಿಗೆ ವಿವರಿಸಿ ಪ್ರಯೋಜನವಿಲ್ಲ. ಕಳೆದ ಚಳಿಗಾಲದಲ್ಲಿ ಮುಂಬಯಿಯ ಕಡಲಕಟ್ಟೆಯ ಮೇಲೆ, ಎಲಿಫೆಂಟಾ ದ್ವೀಪದ ಗುಹಾಲಯಕ್ಕೆ ಹೋಗುವ ಲಾಂಚಿಗಾಗಿ ಸಾಲಿನಲ್ಲಿ ನಿಂತಿದ್ದಾಗ ಆ ವಾಸನೆ ನನ್ನ ಮೂಗಿಗೆ ಬಡಿಯಿತು. ಕೈಯಲ್ಲಿ ಟಿಕೇಟು, ಹೆಗಲಲ್ಲಿ ಚೀಲ, ಸುತ್ತ ಸೆಲ್ಫಿ ತೆಗೆಯುವವರ ಗದ್ದಲ. ಅದೆಲ್ಲ ಒಮ್ಮೆಲೇ ಹಿಂದೆ ಸರಿಯಿತು. ನಾನು ತೊಕ್ಕೊಟ್ಟಿನಿಂದ ಪಡುವಣಕ್ಕೆ, ಕಡಲ ದಂಡೆಯ ನಮ್ಮ ಮನೆಯ ಜಗಲಿಯಲ್ಲಿದ್ದೆ. ಬೆಳಗಿನ ಜಾವ ನೇತ್ರಾವತಿ ಸೇತುವೆ ದಾಟಿ ಮಂಗಳೂರಿನ ಮೀನಿನ ಧಕ್ಕೆಗೆ ಹೋಗಿ, ಬುಟ್ಟಿ ತುಂಬಿಸಿಕೊಂಡು ಬರುತ್ತಿದ್ದ ಅಜ್ಜಿಯ ಸೀರೆಯ ಅಂಚಿನಲ್ಲಿ ಇದೇ ವಾಸನೆ ಇರುತ್ತಿತ್ತು. ಅವಳ ಮಡಿಲಲ್ಲಿ ಮುಖ ಹುದುಗಿಸಿದರೆ ಒಂದು ಬಂದರೇ ಮನೆಯೊಳಗೆ ಬಂದ ಹಾಗಿರುತ್ತಿತ್ತು.

ನಿಮಗೂ ಅಂಥದ್ದೊಂದು ಮನೆ ಇದ್ದಿರಬಹುದು, ಈಗ ಇಲ್ಲದಿರಬಹುದು. ನಮ್ಮದು ಹಂಚಿನ ಮನೆ. ಎಷ್ಟು ಗುಡಿಸಿದರೂ ಮರಳು ಹೋಗದು. ಚಾಪೆಯಲ್ಲಿ ಮರಳು, ತಲೆದಿಂಬಿನಲ್ಲಿ ಮರಳು, ಕೆಲವೊಮ್ಮೆ ಗಂಜಿಯಲ್ಲೂ ಮರಳು. ಹಿತ್ತಿಲಲ್ಲಿ ಒಣಮೀನಿನ ಚಾಪೆ, ಅದನ್ನು ಕಾಯಲು ಒಂದು ಕೋಲು, ಕೋಲಿನ ಹೊಣೆ ನನ್ನದು. ಅಂಗಳದ ಕೊನೆಗೆ ಗಾಳಿಗೆ ಬಾಗಿದ ಹೊನ್ನೆ ಮರ. ಅದರಾಚೆ ಕಡಲು. ಕಡಲಿನ ಸದ್ದು ನಮಗೆ ಕೇಳಿಸುತ್ತಲೇ ಇರಲಿಲ್ಲ, ಅಷ್ಟು ರೂಢಿಯಾಗಿತ್ತು. ಅಪ್ಪ ಗಲ್ಫಿನಲ್ಲಿದ್ದರು. ಮನೆಯಲ್ಲಿದ್ದವರು ಅಜ್ಜಿ, ಅಮ್ಮ, ನಾನು ಮತ್ತು ತಮ್ಮಲೆ. ತುಳುವಿನಲ್ಲಿ ಸೋದರಮಾವನಿಗೆ ತಮ್ಮಲೆ ಎನ್ನುತ್ತಾರೆ. ಅವರು ಅಜ್ಜಿಯ ತಮ್ಮ, ಅಮ್ಮನ ಸೋದರಮಾವ. ನನಗೆ ಅಜ್ಜನಾಗಬೇಕು, ಆದರೂ ಅಮ್ಮ ಕರೆದಂತೆ ನಾನೂ ತಮ್ಮಲೆ ಎಂದೇ ಕರೆಯುತ್ತಿದ್ದೆ. ಮದುವೆಯಾಗದ ಮನುಷ್ಯ. ಹೆಗಲ ಮೇಲೆ ಸದಾ ಒಂದು ಕೆಂಪು ಬೈರಾಸು. ಮುಖ ಒರೆಸಲು, ಕೂರಲು, ಕಾಗೆ ಓಡಿಸಲು, ಸಿಟ್ಟು ಬಂದಾಗ ಕೊಡವಲು ಎಲ್ಲದಕ್ಕೂ ಅದೊಂದೇ ಬಟ್ಟೆ.

ನಮ್ಮಲ್ಲಿ ಹೆಂಗಸರು ದೋಣಿಗೆ ಕಾಲಿಡುವಂತಿರಲಿಲ್ಲ. ಮೀನು ಆರಿಸುವುದು, ಉಪ್ಪು ಹಾಕುವುದು, ಹೊರುವುದು, ಮಾರುವುದು, ಗಿರಾಕಿಗಳ ಜೊತೆ ಜಗಳವಾಡುವುದು ಎಲ್ಲವೂ ಹೆಂಗಸರದ್ದು. ಆದರೆ ಕಡಲಿಗಿಳಿಯುವ ದೋಣಿಯನ್ನು ದಂಡೆಯ ಮೇಲಿರುವಾಗಲೂ ಮುಟ್ಟಬಾರದು. ಮುಟ್ಟಿದರೆ ಆ ದೋಣಿಗೆ ಮೀನು ಬರುವುದಿಲ್ಲ. ಹೊಳೆ ದಾಟುವ ಕಡವಿನ ದೋಣಿಗೆ ಈ ಕಟ್ಟಳೆಯಿಲ್ಲ. ಕಡಲಿನ ದೋಣಿಗೆ ಮಾತ್ರ. ಹೀಗಾಗಿ ಹುಟ್ಟಿದಂದಿನಿಂದ ಕಡಲಿನ ಅನ್ನ ತಿಂದ ಅಜ್ಜಿ ಒಮ್ಮೆಯೂ ಕಡಲಿನ ಮೇಲೆ ಹೋದವಳಲ್ಲ. ನನಗೆ ಇದು ವಿಚಿತ್ರವೆಂದು ಆಗ ಅನಿಸಿರಲಿಲ್ಲ. ಈಗ ನೆನೆದರೆ ಕೋಪ ಬರುತ್ತದೆ.

ಅಜ್ಜನನ್ನು ನಾನು ಕಂಡವಳಲ್ಲ. ಅವರ ಕಥೆಯೆಲ್ಲ ಅಜ್ಜಿ ಬಂಗುಡೆ ಹಸನು ಮಾಡುತ್ತಾ ಹೇಳಿದ್ದು. ಅವರ ಕಾಲದಲ್ಲಿ ಕಡಲಿನವರಿಗೆ ಗುಡ್ಡವೆಂದರೆ ಹತ್ತುವ ವಸ್ತುವಲ್ಲ, ನೋಡುವ ವಸ್ತು. ದೋಣಿಯಿಂದ ಮೂಡಣಕ್ಕೆ ನೋಡಿ, ದೂರದ ಘಟ್ಟದ ಯಾವ ತಲೆ ದಂಡೆಯ ಯಾವ ತೆಂಗಿನತೋಪಿನ ನೇರಕ್ಕೆ ಬಂತೆಂದು ಗುರುತು ಹಿಡಿದು ಬಲೆ ಬಿಡುತ್ತಿದ್ದರು. ಆ ಗುರುತಿನಲ್ಲೇ ಮನೆಗೂ ಬರುತ್ತಿದ್ದರು. ಅಜ್ಜ ಬರುವುದು ತಡವಾದರೆ ಅಜ್ಜಿ ಹೋಗಿ ಹೊನ್ನೆ ಮರದ ಅಡಿಯಲ್ಲಿ ನಿಲ್ಲುತ್ತಿದ್ದಳು. ಬಂದ ಮೇಲೆ ಅವರು ಹೇಳುತ್ತಿದ್ದರಂತೆ, “ನೀನು ಅಲ್ಲಿ ನಿಂತದ್ದು ನನಗೆ ಕಡಲಿಂದಲೇ ಕಾಣ್ತದೆ. ನಿನ್ನನ್ನು ನೋಡಿಯೇ ನಾನು ದೋಣಿ ತಿರುಗಿಸುದು.” ಮಳೆಗಾಲ ಮುಗಿದು ದೋಣಿಗಳು ಹೊಸದಾಗಿ ಇಳಿದ ದಿನಗಳಲ್ಲಿ ಒಮ್ಮೆ ಗಾಳಿ ಎದ್ದಿತು. ಅಜ್ಜಿ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಮರದ ಅಡಿಯಲ್ಲಿ ನಿಂತಳು. ಅಜ್ಜ ಬರಲಿಲ್ಲ. ಆಗ ಅಮ್ಮ ಇನ್ನೂ ಶಾಲೆಗೆ ಸೇರಿರಲಿಲ್ಲ.

ಅಜ್ಜಿಯ ಮನಸ್ಸಿನಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಆ ದಿನ ಅವರು ತನ್ನನ್ನು ನೋಡಿದರೇ? ಕಡಲಿಂದ ನೋಡಿದರೆ ದಂಡೆಯಲ್ಲಿ ನಿಂತ ಒಂದು ಜೀವ ನಿಜಕ್ಕೂ ಕಾಣುತ್ತದೆಯೇ? ಕಾಣುತ್ತದೆ ಎಂದಾದರೆ, ಕೊನೆಯವರೆಗೂ ಅವರು ಒಂಟಿಯಾಗಿರಲಿಲ್ಲ. ಇಲ್ಲವೆಂದಾದರೆ, ತಾನು ಸುಮ್ಮನೆ ನಿಂತದ್ದು. “ತಮ್ಮಲೆಯನ್ನು ಕೇಳಬಹುದಲ್ಲ ಅಜ್ಜಿ?” ಎಂದೆ ನಾನು. ಅಜ್ಜಿ ಕತ್ತಿ ನಿಲ್ಲಿಸಲಿಲ್ಲ. “ಅವನೂ ಕಾಣ್ತದೆ ಅಂತಾನೆ, ಎಲ್ಲ ಗಂಡಸರೂ ಕಾಣ್ತದೆ ಅಂತಲೇ ಹೇಳುದು. ಅವರವರ ಹೆಂಡತಿಯರಿಗೂ ಹಾಗೇ ಹೇಳಿ ಆಗಿದೆಯಲ್ಲ! ನಾನು ಕಿವಿರು ಎತ್ತಿ ನೋಡದೆ ಮೀನು ತಗೊಂಡವಳಲ್ಲ ಮಗಾ. ಇದನ್ನೂ ನಾನೇ ನೋಡಬೇಕು.” ಒಮ್ಮೆ ಅವಳು ತಮ್ಮನನ್ನು ಕೇಳಿಯೂ ಇದ್ದಳಂತೆ, ದೋಣಿಯಲ್ಲಿ ಒಂದು ಸಲ ಕರೆದುಕೊಂಡು ಹೋಗು ಎಂದು. ತಮ್ಮಲೆ ಬೈರಾಸು ಕೊಡವಿ ಎದ್ದು ಹೋಗಿದ್ದರು. ಅವರನ್ನು ದೂರುವಂತಿಲ್ಲ. ಆ ದೋಣಿ ಅವರೊಬ್ಬರದಲ್ಲ, ಹಲವು ಮನೆಗಳ ಒಲೆ ಅದರ ಮೇಲೆ ಉರಿಯುತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಮುಂಬಯಿಗೆ ಮದುವೆಯಾಗಿ ಹೋಗಿದ್ದ ಚಿಕ್ಕಮ್ಮ ರಜೆಗೆ ಬಂದವರು ಒಂದು ಕ್ಯಾಲೆಂಡರ್ ತಂದರು. ಅದರಲ್ಲಿ ಗುಡ್ಡದ ಹೊಟ್ಟೆಯೊಳಗೆ ಕೊರೆದ ಮೂರು ಮುಖದ ಈಶ್ವರ. ಅಮ್ಮ ಅದನ್ನು ಅಕ್ಕಿ ಮುಡಿಯ ಮೇಲಿನ ಗೋಡೆಗೆ ತೂಗುಹಾಕಿದಳು. ಅಜ್ಜಿ ಅದರತ್ತ ಒಮ್ಮೆ ನೋಡಿ ಕೈ ಮುಗಿದು ತನ್ನ ಕೆಲಸಕ್ಕೆ ಹೊರಟಿದ್ದಳು. ಚಿಕ್ಕಮ್ಮ ಹೇಳುತ್ತಿದ್ದರು, “ಈ ಗುಡ್ಡ ಇರುದು ಕಡಲಿನ ನಡುವೆ. ಲಾಂಚಲ್ಲೇ ಹೋಗ್ಬೇಕು, ಬೇರೆ ದಾರಿಯೇ ಇಲ್ಲ.” ಅಜ್ಜಿ ಬಾಗಿಲಲ್ಲಿ ನಿಂತಳು. ತಿರುಗಿ ಬಂದು ಕ್ಯಾಲೆಂಡರಿನ ಎದುರು ಕೂತಳು. “ಹೆಂಗಸರನ್ನೂ ಬಿಡ್ತಾರಾ?” ಎಂದು ಕೇಳಿದಳು. “ಟಿಕೇಟು ತಗೊಂಡವರನ್ನೆಲ್ಲ ಬಿಡ್ತಾರೆ ಅಮ್ಮ,” ಎಂದು ಚಿಕ್ಕಮ್ಮ ನಕ್ಕರು. ಅವತ್ತಿನಿಂದ ಅಜ್ಜಿ ಆ ಈಶ್ವರನ ಪರಮ ಭಕ್ತೆಯಾದಳು. ಮನೆಯಲ್ಲಿ ಅದರ ಒಳಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೇ.

ಅಜ್ಜಿಯ ಹಠ ಕೂಗಾಡುವ ಹಠವಲ್ಲ. ಅವಳು ಯಾರೊಂದಿಗೂ ವಾದಿಸುತ್ತಿರಲಿಲ್ಲ, ಹೇಳಿದ್ದನ್ನೇ ಮರುದಿನ ಹೊಸ ಸುದ್ದಿಯ ಹಾಗೆ ಮತ್ತೆ ಹೇಳುತ್ತಿದ್ದಳು. “ನಾನು ಮುಂಬಯಿಗೆ ಹೋಗ್ತೇನೆ. ಗುಡ್ಡದ ಈಶ್ವರನನ್ನು ನೋಡ್ಲಿಕ್ಕುಂಟು.” ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಪಕ್ಕದ ಬುಟ್ಟಿಯವಳು ಕೆಣಕಿದಳು, “ಎಂತ ಲಚ್ಚಕ್ಕ, ಕದ್ರಿಯ ಈಶ್ವರ ಸಾಕಾಗ್ಲಿಲ್ವಾ ನಿಮಗೆ?” ಅಜ್ಜಿ ಮಂಜುಗಡ್ಡೆ ಸರಿಸುತ್ತಾ ಹೇಳಿದಳು, “ಕದ್ರಿಗೆ ಬಸ್ಸಲ್ಲಿ ಹೋಗ್ಬಹುದಲ್ಲ ಮಾರಾಯ್ತಿ.” ಅದು ಉತ್ತರವೋ ತಮಾಷೆಯೋ ಯಾರಿಗೂ ತಿಳಿಯಲಿಲ್ಲ. ತಮ್ಮಲೆಗೆ ಬೇಡವೆನ್ನಲು ಬಾಯಿ ಬರಲಿಲ್ಲ. ದೋಣಿ ನಮ್ಮದಲ್ಲ, ಹೋಗುವುದು ದೇವರ ಹತ್ತಿರ. ಅಕ್ಕನನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ತಾವೂ ಹೊರಟರು. ಅಮ್ಮ ಮನೆ ಕಾಯಲು ಉಳಿದಳು. ಸ್ಲೀಪರ್ ಬೋಗಿಯ ಕಿಟಕಿಯ ಪಕ್ಕದಲ್ಲಿ ನಾನು ಕೂತೆ.

ದರ್ಶನಕ್ಕೆ ಸೋಮವಾರವನ್ನು ಗೊತ್ತುಮಾಡಿದ್ದು ಅಜ್ಜಿಯೇ. ಸೋಮವಾರ ಈಶ್ವರನ ವಾರ, ನಮ್ಮ ಮನೆಯಲ್ಲಿ ಮೀನಿಲ್ಲದ ವಾರ. ಆ ಯಾತ್ರೆಗೆಂದು ಅವಳು ನಾಲ್ಕೈದು ದಿನ ಮೊದಲೇ ಮೀನು ತಿನ್ನುವುದನ್ನು ಬಿಟ್ಟಿದ್ದಳು. ಮಾರುವುದನ್ನು ಬಿಟ್ಟಿರಲಿಲ್ಲ. ಭಾನುವಾರ ಚಿಕ್ಕಮ್ಮನ ಚಾಳಿನ ಕೋಣೆಯಲ್ಲಿ ನಮಗೆಲ್ಲ ಪಾಂಪ್ಲೆಟ್ ಮೀನಿನ ಸಾರು, ಅಜ್ಜಿಗೆ ಗಂಜಿ, ಉಪ್ಪಿನಕಾಯಿ. ಸೋಮವಾರ ಬೆಳಿಗ್ಗೆ ಮಿಂದು, ಊರಿಂದ ತಂದ ತೆಂಗಿನಕಾಯಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ಮಲ್ಲಿಗೆ ಮುಡಿದು ಹೊರಟಳು. ಕಡಲಕಟ್ಟೆಯ ದೊಡ್ಡ ಕಲ್ಲಿನ ಕಮಾನಿನ ಹತ್ತಿರ ತಲುಪಿ ಚಿಕ್ಕಮ್ಮ ಕಿಟಕಿಯೊಂದರಲ್ಲಿ ದ್ವೀಪದ ಲಾಂಚಿಗೆ ಟಿಕೇಟು ಕೇಳಿದರು. ಒಳಗೆ ಕೂತವನು ತಲೆಯಲ್ಲಾಡಿಸಿದ. ಗುಹೆ ಸರಕಾರದ ಸ್ಮಾರಕ, ವಾರಕ್ಕೊಂದು ದಿನ ಮುಚ್ಚಿರುತ್ತದೆ, ಆ ದಿನ ಸೋಮವಾರ. ವರ್ಷಗಟ್ಟಲೆ ಮುಂಬಯಿಯಲ್ಲಿದ್ದ ಚಿಕ್ಕಮ್ಮನಿಗೂ ಇದು ಗೊತ್ತಿರಲಿಲ್ಲ, ಅವರೂ ಅಲ್ಲಿಗೆ ಹೋದವರಲ್ಲ. ಸೋಮವಾರ ಈಶ್ವರನನ್ನು ನೋಡಲು ಬರುವ ಭಕ್ತರು ಸರಕಾರದ ಲೆಕ್ಕದಲ್ಲಿ ಇರಲಿಲ್ಲ. ಮಂಗಳವಾರ ಊರಿಗೆ ನಮ್ಮ ರೈಲು.

“ಸೋಮವಾರ ಈಶ್ವರನಿಗೆ ರಜೆಯಾ?” ಅಜ್ಜಿ ಕೇಳಿದಳು. “ಯಾರು ಕೊಟ್ಟದ್ದು ರಜೆ?” ಚಿಕ್ಕಮ್ಮನ ಕಣ್ಣಲ್ಲಿ ನೀರಿತ್ತು. ತಮ್ಮಲೆ ಮಾತ್ರ ಹಗುರಾದಂತೆ ಕಂಡರು. ಇನ್ನೊಬ್ಬ ಚುಕ್ಕಾಣಿ ಹಿಡಿದ ದೋಣಿಯಲ್ಲಿ ಸುಮ್ಮನೆ ಕೂರಬೇಕಲ್ಲ ಎಂಬ ಸಂಕಟ ರೈಲಿನಿಂದಲೇ ಅವರನ್ನು ಕಾಡುತ್ತಿತ್ತು. “ಹೋಗ್ಲಿ ಅಕ್ಕ. ದೇವರಿಗೆ ಮನಸ್ಸಿಲ್ಲ,” ಎಂದರು. ಅಷ್ಟರಲ್ಲಿ ಕೆಳಗಿನ ಮೆಟ್ಟಿಲಿಗೆ ಒಂದು ಲಾಂಚು ಬಂದು ತಾಗಿತು, ಜನ ಇಳಿದರು, ಬೇರೆ ಜನ ಹತ್ತತೊಡಗಿದರು. ಡೀಸೆಲ್ ವಾಸನೆ ಮೇಲಕ್ಕೆ ಬಂತು. ಅಜ್ಜಿ ಮೂಗು ಅರಳಿಸಿದಳು.

“ಅದು ಎಲ್ಲಿಗೆ ಹೋಗ್ತದೆ?”

“ಎಲ್ಲಿಗೂ ಇಲ್ಲ ಅಮ್ಮ,” ಎಂದರು ಚಿಕ್ಕಮ್ಮ, “ಸುಮ್ಮನೆ ಕಡಲಲ್ಲಿ ಒಂದು ಸುತ್ತು ಹೊಡೆದು ವಾಪಸ್ ಬರ್ತದೆ. ಅದರಲ್ಲಿ ಎಂತ ಉಂಟು?”

“ನನಗೆ ಅದೇ ಆಗ್ತದೆ.”

ತಮ್ಮಲೆ ದಂಗಾದರು. “ದೇವರೇ ಇಲ್ಲದ ಮೇಲೆ ದೋಣಿ ಯಾಕೆ ಅಕ್ಕ?” ಆವರೆಗೆ ಈಶ್ವರನ ಮರೆಯಲ್ಲಿ ನಿಂತಿದ್ದ ಅಜ್ಜಿಗೆ ಈಗ ಮರೆಯಿಲ್ಲ. ಬಾಯಿಬಿಟ್ಟು ಹೇಳಲೇಬೇಕಾಗಿತ್ತು. ಅವಳು ತಮ್ಮನನ್ನು ರಟ್ಟೆ ಹಿಡಿದು ಕಟ್ಟೆಯ ಅಂಚಿಗೆ ಕರೆದೊಯ್ದು ನಿಲ್ಲಿಸಿದಳು. “ನೀನು ಬರುದು ಬೇಡ. ಇಲ್ಲೇ ನಿಲ್ಲು. ನಾನು ವಾಪಸ್ ಬರುವವರೆಗೆ ಕದಲಬೇಡ. ಬೈರಾಸು ಬೀಸ್ಬೇಡ. ನಾನು ಯಾವತ್ತೂ ಕೈ ಬೀಸಿದವಳಲ್ಲ. ಸುಮ್ಮನೆ ನಿಂತದ್ದು ಕಾಣ್ತದಾ ಇಲ್ವಾ ಅಂತ ನನಗೆ ನೋಡ್ಬೇಕು.” ತಮ್ಮಲೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದದ್ದೇ ಅವರ ಮುಖ ಬಿಳಿಚಿಕೊಂಡಿತು. ಅಷ್ಟು ವರ್ಷ ಒಂದೇ ಸೂರಿನಡಿ ಬದುಕಿ, ಅಕ್ಕ ದೋಣಿ ಹತ್ತಲು ಯಾಕೆ ಕೇಳಿದ್ದಳೆಂದು ಅವರು ಕೇಳಿರಲೇ ಇಲ್ಲ. ಹೆಗಲ ಬೈರಾಸನ್ನು ಸರಿಮಾಡಿಕೊಂಡು, ಎರಡೂ ಕೈ ಇಳಿಬಿಟ್ಟು, ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ನಿಂತರು.

ಅಜ್ಜಿ ಲಾಂಚಿನ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗಂಡಸರು ಮಾಡುವುದನ್ನು ಜೀವಮಾನವಿಡೀ ದೂರದಿಂದ ನೋಡಿದ್ದಳಲ್ಲ, ಆ ಗತ್ತಿನಲ್ಲೇ ಮಾಡಿದಳು. ಆಮೇಲೆ ಸೀರೆ ಎತ್ತಿ ಕಾಲಿಟ್ಟಳು. ಎಲ್ಲರೂ ಮುಂದಕ್ಕೆ ಮುಖ ಮಾಡಿ ಕೂತರೆ ನಾವಿಬ್ಬರು ಹಿಂದಿನ ಅಂಚಿನಲ್ಲಿ ದಂಡೆಯತ್ತ ಮುಖ ಮಾಡಿ ಕೂತೆವು. ಚಿಕ್ಕಮ್ಮ ತಲೆಸುತ್ತು ಎಂದು ನಡುವಿನ ಬೆಂಚು ಹಿಡಿದರು. ಇಂಜಿನ್ನು ಗುಡುಗುಟ್ಟಿತು. ಕಟ್ಟೆ ಸರಿಯಿತು. ತಮ್ಮಲೆ ಕಾಣುತ್ತಿದ್ದರು, ಅವರ ಮೀಸೆ ಕಾಣುತ್ತಿತ್ತು. ಆಮೇಲೆ ಮೀಸೆ ಹೋಯಿತು, ಬೈರಾಸಿನ ಕೆಂಪು ಉಳಿಯಿತು. ಆಮೇಲೆ ಕೆಂಪು ಬಟ್ಟೆಯವರು ಬೇರೆಯೂ ಇದ್ದಾರೆಂದು ತಿಳಿಯಿತು. ಜನವೆಲ್ಲ ಕೂಡಿ ಒಂದು ಕಪ್ಪು ಪಟ್ಟಿಯಾಯಿತು, ಕಮಾನು ಬೆಂಕಿಪೊಟ್ಟಣದಷ್ಟಾಯಿತು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದಳು.

“ನಿನ್ನ ಕಣ್ಣು ಚುರುಕುಂಟು. ಹೇಳು. ತಮ್ಮಲೆ ಕಾಣ್ತಾರಾ?”

ಕಾಣುತ್ತಾರೆ ಎನ್ನಬೇಕೆಂದು ನನ್ನ ಪ್ರಾಣ ಬಡಿದುಕೊಳ್ಳುತ್ತಿತ್ತು. ಆದರೆ ಅವಳಿಗೆ ಹಾಗೆ ಹೇಳಿದವರು ಬೇಕಾದಷ್ಟಿದ್ದರು. “ಇಲ್ಲ ಅಜ್ಜಿ. ಕಾಣುದಿಲ್ಲ,” ಎಂದೆ. ಹೇಳಿ ಅತ್ತುಬಿಟ್ಟೆ. ಅಜ್ಜಿ ಅಳಲಿಲ್ಲ. ನನ್ನ ತಲೆಯನ್ನು ತನ್ನ ಪಕ್ಕೆಗೆ ಒತ್ತಿಕೊಂಡು, “ಹೌದು, ಕಾಣುದಿಲ್ಲ,” ಎಂದಳು. ಚೀಲದಿಂದ ತೆಂಗಿನಕಾಯಿ ತೆಗೆದು ಎರಡೂ ಕೈಯಲ್ಲಿ ನೀರಿಗೆ ಬಿಟ್ಟಳು. ನೂಲ ಹುಣ್ಣಿಮೆಯಂದು ಗಂಡಸರು ಮಾತ್ರ ಕಡಲಿಗೆ ಕೊಡುವ ಕಾಯಿ. ಅದು ಒಮ್ಮೆ ಮುಳುಗಿ ಎದ್ದು ತೇಲಿತು. “ರಜೆಯಲ್ಲಿದ್ದರೆ ಎಂತ, ತಲುಪ್ತದೆ,” ಎಂದಳು. ದೂರದಲ್ಲಿ, ನಾವು ಹೋಗಲಾಗದ ದ್ವೀಪದ ಗುಡ್ಡ ಮಬ್ಬಾಗಿ ಕಾಣುತ್ತಿತ್ತು. ಅಜ್ಜಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಲಾಂಚು ಹೊರಳಿ ವಾಪಸ್ ಹೊರಟಾಗ ನಾವು ಮುಂದಿನ ಅಂಚಿಗೆ ಹೋದೆವು. ಅವಳು ತೋರುಬೆರಳು ಎತ್ತಿ ದಂಡೆಯ ಒಂದು ಜಾಗಕ್ಕೆ ಚಾಚಿದಳು. “ಕಾಣುದಿಲ್ಲ. ಆದ್ರೆ ಎಲ್ಲಿ ನಿಂತಿದ್ದಾನೆ ಅಂತ ಗೊತ್ತಾಗ್ತದೆ. ನೋಡು, ಅಲ್ಲಿ.” ಅಲೆಗೆ ಲಾಂಚು ಏರಿದರೂ ಇಳಿದರೂ ಬೆರಳು ಆ ಜಾಗ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಆ ಬೆರಳ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಮೂಡಿತು. ಚುಕ್ಕೆಗೆ ಹೆಗಲು ಬಂತು, ಮೀಸೆ ಬಂತು. ತಮ್ಮಲೆ ನಿಲ್ಲಿಸಿದಲ್ಲೇ ನಿಂತಿದ್ದರು, ಕೈ ಇಳಿಬಿಟ್ಟುಕೊಂಡು.

ಮೆಟ್ಟಿಲಲ್ಲಿ ಅಕ್ಕನ ಕೈ ಹಿಡಿದು ಹತ್ತಿಸುತ್ತಲೇ ಅವರು ಕೇಳಿದರು, “ಕಂಡೆನಾ ಅಕ್ಕ? ನಾನು ಕಂಡೆನಾ?” ಅಜ್ಜಿ ಅವರ ಹೆಗಲಿಂದ ಬೈರಾಸು ಎಳೆದು ತನ್ನ ಮುಖ ಒರೆಸಿಕೊಂಡಳು. “ಮತ್ತೆಂತ! ಉದ್ದಕ್ಕೂ ಕಂಡೆ ಮಾರಾಯ. ನಿನ್ನನ್ನು ನೋಡಿಯೇ ಅವನು ಲಾಂಚು ತಿರುಗಿಸಿದ್ದು,” ಎಂದಳು. ನಾನು ಬಾಯಿ ತೆರೆದೆ. ಅಜ್ಜಿ ನನ್ನ ಬೆರಳನ್ನು ಮೆಲ್ಲಗೆ ಅಮುಕಿದಳು. ಆ ರಾತ್ರಿ ಅವಳು ಚಿಕ್ಕಮ್ಮನಿಂದ ಮೀನು ಮಾಡಿಸಿ ಹೊಟ್ಟೆತುಂಬ ಉಂಡಳು. ಊರಿಗೆ ಬಂದ ಮೇಲೆ ಹೊನ್ನೆ ಮರದ ಅಡಿಯಲ್ಲಿ ಅವಳು ಕೂತದ್ದನ್ನು ನೋಡಿದ್ದೇನೆ, ನಿಂತದ್ದನ್ನು ನೋಡಿಲ್ಲ. ಅಜ್ಜನ ಮಾತು ಬಂದರೆ, “ಅವರು ಹೇಳಿದ್ದು ಸುಳ್ಳಲ್ಲ,” ಎನ್ನುತ್ತಿದ್ದಳು. ಅಷ್ಟೇ.

ಅಜ್ಜಿ ಹೋದಳು, ಎರಡು ಮಳೆಗಾಲ ಕಳೆದು ತಮ್ಮಲೆಯೂ ಹೋದರು. ಆಮೇಲೆ ಕಡಲು ಮನೆಗೆ ಬಂತು. ಮೊದಲು ಹೊನ್ನೆ ಮರ, ಆಮೇಲೆ ಅಂಗಳ, ಕೊನೆಗೆ ಜಗಲಿ. ಲಾರಿಗಳು ತಂದು ಸುರಿದ ಬಂಡೆಗಳು ಒಂದೆರಡು ವರ್ಷ ತಡೆದವು. ಒಂದು ಆಷಾಢದಲ್ಲಿ ಹಂಚು ಇಳಿಸಿಕೊಂಡು ಹೊರಟೆವು. ಈಗ ನಾನೂ ಅಮ್ಮನೂ ಮಂಗಳೂರಿನ ಮಣ್ಣಗುಡ್ಡದ ಒಂದು ಫ್ಲಾಟಿನಲ್ಲಿದ್ದೇವೆ. ನೆಲ ಟೈಲ್ಸಿನದು, ಒಮ್ಮೆ ಗುಡಿಸಿದರೆ ಸಾಕು. ಅಮ್ಮ ಮಾತ್ರ ಈಗಲೂ ಮಲಗುವ ಮುಂಚೆ ಚಾಪೆ ಕೊಡವುತ್ತಾಳೆ. ಕೆಳಗೆ ಏನೂ ಉದುರುವುದಿಲ್ಲ. ಆದರೂ ಕೊಡವುತ್ತಾಳೆ. ಅದನ್ನು ನೋಡಿ ನೋಡಿ ಒಂದು ದಿನ ನಿಶ್ಚಯಿಸಿದೆ, ಅಜ್ಜಿಗೆ ಸಿಗದ ದರ್ಶನವನ್ನು ನಾನು ಮಾಡಿಯೇ ಬರುತ್ತೇನೆ ಎಂದು. ಈ ಸಲ ಮಂಗಳವಾರ.

ಹೋದೆ. ದ್ವೀಪದ ಮೆಟ್ಟಿಲು ಹತ್ತಿದೆ. ಬಿಸಿಲಿನಿಂದ ಗುಹೆಯ ತಂಪಿಗೆ ಕಾಲಿಟ್ಟಾಗ ಮೊದಲು ಏನೂ ಕಾಣಲಿಲ್ಲ. ಕಣ್ಣು ಪಳಗಿದ ಮೇಲೆ ಕಂಬಗಳು ಒಂದೊಂದಾಗಿ ಮುಂದೆ ಬಂದವು. ಆ ಕಂಬಗಳನ್ನು ಯಾರೂ ತಂದು ನಿಲ್ಲಿಸಿದ್ದಲ್ಲ. ಸುತ್ತಲಿನ ಗುಡ್ಡವನ್ನು ಕೆತ್ತಿ ತೆಗೆದಾಗ ಉಳಿದವು ಅವು. ಗೋಡೆಯ ಶಿಲ್ಪಗಳಲ್ಲಿ ಎಷ್ಟೋ ಕೈ ಮುರಿದಿದ್ದವು, ಕಾಲು ಹೋಗಿದ್ದವು. ಆ ಮೂರು ಮುಖ ಮಾತ್ರ ಕತ್ತಲೆಯಲ್ಲಿ ಹಾಗೇ ಇದ್ದವು. ಒಂದು ಸಿಟ್ಟಿನದು, ಒಂದು ಹೆಣ್ಣಿನಂತೆ ಮೆತ್ತಗಿನದು, ನಡುವಿನದು ಕಣ್ಣು ಮುಚ್ಚಿ ಸುಮ್ಮನಿತ್ತು. ದೀಪವಿಲ್ಲ, ಗಂಟೆಯಿಲ್ಲ, ಹೂವಿಲ್ಲ. ಒಬ್ಬ ಕಾವಲಿನವನು ಸೀಟಿ ಊದಿ ಮಕ್ಕಳನ್ನು ದೂರ ಸರಿಸುತ್ತಿದ್ದ. ನಾನು ಬಹಳ ಹೊತ್ತು ನಿಂತೆ. ಭಕ್ತಿ ಉಕ್ಕಿತು ಎಂದರೆ ಸುಳ್ಳಾಗುತ್ತದೆ. ಅಜ್ಜಿ ಬೇಕೆನಿಸಿತು. “ಲಚ್ಚಕ್ಕನ ಮೊಮ್ಮಗಳು ನಾನು. ಅವಳು ಒಂದು ಸೋಮವಾರ ಬಂದಿದ್ದಳು, ನಿಮಗೆ ರಜೆ ಇತ್ತು,” ಎಂದು ತುಳುವಿನಲ್ಲಿ ಹೇಳಿ ಕೈ ಮುಗಿದೆ. ವಾಪಸ್ ಬರುವಾಗ ಲಾಂಚಿನ ಹಿಂದಿನ ಅಂಚಿನಲ್ಲಿ ಕೂತೆ. ಗುಡ್ಡ ಸಣ್ಣದಾಗುತ್ತ ಹೋಯಿತು. ಅದರ ಹೊಟ್ಟೆಯಲ್ಲಿ ಅಷ್ಟು ದೊಡ್ಡ ದೇವರು ಇದ್ದಾನೆಂದು ಕಡಲಿನಿಂದ ನೋಡಿದರೆ ತಿಳಿಯುವುದೇ ಇಲ್ಲ. ಕಂಡು ಬಂದ ನನಗೆ ಮಾತ್ರ ಎಲ್ಲಿ ಎಂದು ಗೊತ್ತಿತ್ತು.

ಊರಿಗೆ ಬಂದ ಆ ವಾರವೇ ಒಂದು ಸಂಜೆ ತೊಕ್ಕೊಟ್ಟಿನಲ್ಲಿ ಬಸ್ಸಿಳಿದು ದಂಡೆಯವರೆಗೆ ನಡೆದೆ. ಬಂಡೆಗಳ ರಾಶಿ ಹತ್ತಿ ನಿಂತೆ. ಹೊನ್ನೆ ಮರವಿದ್ದ ಜಾಗ ಈಗ ನೀರು. ಬೆರಳು ಚಾಚಿ ನೋಡಿದೆ, ಇಲ್ಲಿ ಮರ, ಇಲ್ಲಿ ಜಗಲಿ, ಇಲ್ಲಿ ನನ್ನ ಕೋಲು. ಬೆರಳು ಜಾಗ ತಪ್ಪಲಿಲ್ಲ. ದೂರದಲ್ಲಿ ದೋಣಿಗಳು ಸಾಲಾಗಿ ಅಳಿವೆಯ ಕಡೆ ಬರುತ್ತಿದ್ದವು. ಅವುಗಳಲ್ಲಿದ್ದ ಯಾರಿಗೂ ನನ್ನ ಗುರುತಿಲ್ಲ, ನಾನು ಅವರಿಗೆ ಕಾಣುವುದೂ ಇಲ್ಲ. ಆದರೂ ಕೊನೆಯ ದೋಣಿ ಒಳಗೆ ಬರುವವರೆಗೆ ಅಲ್ಲೇ ನಿಂತಿದ್ದೆ, ಕೈ ಬೀಸದೆ.